ಹೊಲಕ್ಕೆ ಹೋಗೋ ಮುಂಚೆ ಫೋನಿನ ವೈಬ್ರೇಷನ್ ನೋಡ್ಕೊಳ್ರಿ

ಏಪ್ರಿಲ್-ಮೇ ಮಳೆಯಲ್ಲಿ ನಮ್ಮ ವಳಕಮದಿನ್ನಿ ಕಡೆ ಸಿಡಿಲಿನದೇ ಭಯ. ಪುಣೆಯ ಐಐಟಿಎಂ ರೂಪಿಸಿದ ‘ದಾಮಿನಿ’ ಆ್ಯಪ್ 20ರಿಂದ 40 ಕಿ.ಮೀ. ಸುತ್ತಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಆದರೆ ಟ್ರ್ಯಾಕ್ಟರ್ ಸದ್ದಿನಾಗ ಅದು ಕೇಳ್ಸಲ್ಲ, ಕಿಸೆಯಲ್ಲಿ ಫೋನ್ ನಡುಗಿದ್ರಷ್ಟೇ ಗೊತ್ತಾಗೋದು. ಹೋದ ವರ್ಷ ನನ್ನದು ನಡುಗಲೇ ಇಲ್ಲ; ಅವ್ವ ಬದುವಿನವರೆಗೂ ಓಡಿಬಂದು ಕೂಗಿದಳು.

ಪರೀಕ್ಷೆ ಹೀಗೆ ಮಾಡಿ:

1. ಸೆಟ್ಟಿಂಗ್ಸ್‌ನಲ್ಲಿ ಕರೆ, ನೋಟಿಫಿಕೇಶನ್, ಟಚ್ ಮೂರಕ್ಕೂ ವೈಬ್ರೇಷನ್ ಆನ್ ಮಾಡಿ. ಬ್ಯಾಟರಿ ಸೇವರ್ ತೆಗೆಯಿರಿ.
2. ಫೋನ್ ಅಂಗೈಯಲ್ಲಿಟ್ಟು ಮನೆಯವರಿಂದ ಕರೆ ಮಾಡಿಸಿ.
3. ಕೀಬೋರ್ಡ್ ಒತ್ತಿ ನೋಡಿ.

ಒಂದಕ್ಕಾದರೂ ನಡುಗಿದರೆ ಮೋಟಾರ್ ಸರಿಯಿದೆ, ಸೆಟ್ಟಿಂಗ್ ನೋಡಿ. ಯಾವುದಕ್ಕೂ ಇಲ್ಲವೆಂದರೆ ರಿಪೇರಿಗೆ ಕೊಡಿ.

ಫೋನ್ ಸುಮ್ಮನಿದ್ದರೂ ಗುಡುಗು ಕೇಳಿಸ್ತಂದ್ರೆ ಹೊಲ ಬಿಡ್ರಿ. ಮರದ ಕೆಳಗೆ ಮಾತ್ರ ನಿಲ್ಲಬೇಡ್ರಿ.