ಎಲೆ ಎಣಿಸಿ ಈರುಳ್ಳಿ ಬೆಳೆಯಿರಿ

ಹಿತ್ತಲಲ್ಲಿ ಈರುಳ್ಳಿ ಹಾಕಿದವರು ಹೆಚ್ಚಾಗಿ ಹೇಳುವ ದೂರು ಒಂದೇ: ಗಿಡ ಸೊಗಸಾಗಿ ಬಂತು, ಗಡ್ಡೆ ಮಾತ್ರ ಕಟ್ಟಲಿಲ್ಲ. ಹೀಗಾದಾಗ ಕೊನೆಯ ತಿಂಗಳಲ್ಲಿ ಗೊಬ್ಬರ ಸುರಿಯುತ್ತಾರೆ, ನೀರು ಹೆಚ್ಚಿಸುತ್ತಾರೆ. ಅಷ್ಟರಲ್ಲಿ ಸಮಯ ಮೀರಿರುತ್ತದೆ. ಈರುಳ್ಳಿಯನ್ನು ಅಡ್ಡ ಕೊಯ್ದರೆ ಕಾಣುವ ಒಂದೊಂದು ಸುತ್ತೂ ಒಂದೊಂದು ಎಲೆಯ ಬುಡ. ಹಗಲು ಉದ್ದವಾಗುತ್ತ, ಬಿಸಿಲು ಏರುತ್ತ ಹೋದಾಗ ಆ ಬುಡಗಳು ಊದಿಕೊಂಡು ಗಡ್ಡೆಯಾಗುತ್ತವೆ. ಆ ಹೊತ್ತಿಗೆ ಗಿಡದಲ್ಲಿ ನಾಲ್ಕೇ ಎಲೆ ಇದ್ದರೆ ಗಡ್ಡೆಯೂ ಅಷ್ಟಕ್ಕೇ ನಿಲ್ಲುತ್ತದೆ. ಎಂಟು ಹತ್ತು ಎಲೆ ಇದ್ದರೆ ಕೈತುಂಬ ಸಿಗುತ್ತದೆ. ಆದ್ದರಿಂದ ಈರುಳ್ಳಿ ಬೆಳೆಗಾರರ ನಿಜವಾದ ಕೆಲಸ ಮೊದಲ ಅರ್ಧದಲ್ಲಿ ಎಲೆ ಬೆಳೆಸುವುದು.

ಯಾವಾಗ, ಯಾವ ತಳಿ

ಚಿತ್ರದುರ್ಗ, ಗದಗ, ಧಾರವಾಡ, ಬಾಗಲಕೋಟೆ ಕಡೆ ಮುಂಗಾರಿನಲ್ಲೇ ಹೊಲತುಂಬ ಈರುಳ್ಳಿ ಇರುತ್ತದೆ. ಆದರೆ ಮನೆತೋಟದಲ್ಲಿ ಮೊದಲ ಸಲ ಬೆಳೆಯುವವರಿಗೆ ಹಿಂಗಾರೇ ಒಳ್ಳೆಯದು. ಮಳೆಗಾಲದಲ್ಲಿ ರೋಗದ ಕಾಟ ಹೆಚ್ಚು, ಕಿತ್ತ ಗಡ್ಡೆ ಒಣಗಿಸುವುದು ಕಷ್ಟ, ಒಣಗಿಸಿದರೂ ಬಹಳ ದಿನ ಬಾಳುವುದಿಲ್ಲ. ಚಿತ್ತೆ ಮಳೆ ಮುಗಿದು ಸ್ವಾತಿ ಹಿಡಿಯುವ ಹೊತ್ತಿಗೆ, ಅಂದರೆ ಅಕ್ಟೋಬರ್ ಕೊನೆಯ ವಾರ, ಬೀಜ ಚೆಲ್ಲಿ. ಡಿಸೆಂಬರ್ ಮೊದಲ ಭಾಗದಲ್ಲಿ ಸಸಿ ನಾಟಿ. ಮಾರ್ಚ್ ಕೊನೆಗೆ ಕೊಯ್ಲು. ಹೀಗೆ ಮಾಡಿದರೆ ಏಪ್ರಿಲ್ ಮಧ್ಯದ ಅಶ್ವಿನಿ ಮಳೆಗೆ ಮೊದಲೇ ಗಡ್ಡೆ ಮನೆಯೊಳಗೆ ಬಂದಿರುತ್ತದೆ.

ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನ್ ಹಿಂಗಾರಿಗೆ ಹೊಂದುವ, ಚೆನ್ನಾಗಿ ಬಾಳಿಕೆ ಬರುವ ತಳಿ. ಮುಂಗಾರಿಗೆ ಬೇಕೆಂದರೆ ಅದೇ ಸಂಸ್ಥೆಯ ಅರ್ಕಾ ಕಲ್ಯಾಣ್ ಆಗಬಹುದು. ಬಳ್ಳಾರಿ ಕೆಂಪು, ತೆಲಗಿ ಕೆಂಪು ಹಳಬರ ಕೈಗೆ ಚೆನ್ನಾಗಿ ಗೊತ್ತು. ಚಿಕ್ಕಬಳ್ಳಾಪುರ, ಕೋಲಾರದವರು ಬೆಂಗಳೂರು ಗುಲಾಬಿ ಈರುಳ್ಳಿಯನ್ನೇ ಹಾಕಿ. 2015ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಈ ಚಪ್ಪಟೆ ಬುಡದ ಸಣ್ಣ ಈರುಳ್ಳಿಯ ಖಾರ ಉಪ್ಪಿನಕಾಯಿಗೆ ಹೇಳಿ ಮಾಡಿಸಿದ್ದು. ಕರಾವಳಿಯವರಿಗೆ ಕುಮಟಾದ ಸಿಹಿ ಈರುಳ್ಳಿ ಇದ್ದೇ ಇದೆ.

ಆನ್‌ಲೈನ್‌ನಲ್ಲಿ ಸಿಗುವ ಬಣ್ಣಬಣ್ಣದ ವಿದೇಶಿ ಪೊಟ್ಟಣಗಳಿಗೆ ಮಾತ್ರ ಮರುಳಾಗಬೇಡಿ. ಯುರೋಪ್, ಅಮೆರಿಕದ ಉತ್ತರ ಭಾಗದ ಅನೇಕ ತಳಿಗಳು ಗಡ್ಡೆ ಕಟ್ಟಲು 14 ಗಂಟೆಗೂ ಮಿಕ್ಕಿ ಹಗಲು ಬೇಕು. ನಮ್ಮಲ್ಲಿ ಜೂನ್ ತಿಂಗಳಲ್ಲೂ ಹಗಲು 13 ಗಂಟೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಷ್ಟೇ ಆರೈಕೆ ಮಾಡಿದರೂ ಅವು ಸೊಪ್ಪಾಗಿಯೇ ಉಳಿಯುತ್ತವೆ. ನಮ್ಮ ತಳಿಗಳಿಗೆ 11–12 ಗಂಟೆಯ ಹಗಲು ಸಾಕು.

ಸಸಿಮಡಿ

ಈರುಳ್ಳಿ ಬೀಜಕ್ಕೆ ಆಯುಷ್ಯ ಕಡಿಮೆ. ವರ್ಷ ಕಳೆದರೆ ಮೊಳೆಯುವ ಶಕ್ತಿ ಕುಸಿಯುತ್ತದೆ. ಪೊಟ್ಟಣದ ಮೇಲಿನ ತಾರೀಕು ನೋಡಿಯೇ ಕೊಳ್ಳಿ. ಅನುಮಾನವಿದ್ದರೆ 20 ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರ ಹತ್ತು ದಿನದಲ್ಲಿ ಹದಿನಾಲ್ಕಾದರೂ ಮೊಳೆಯದಿದ್ದರೆ ಬೇರೆ ಬೀಜ ತನ್ನಿ. ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದದ ಒಂದು ಮಡಿಗೆ ಬೇಕಾಗುವುದು ಸುಮಾರು 240 ಸಸಿ, ಅದಕ್ಕೆ 2–3 ಗ್ರಾಂ ಬೀಜ ಸಾಕು.

ಸಸಿಮಡಿ ನೆಲಕ್ಕಿಂತ ಅರ್ಧ ಅಡಿ ಎತ್ತರವಿರಲಿ. ತಾರಸಿಯಾದರೆ ಅಗಲವಾದ ಟ್ರೇ ನಡೆಯುತ್ತದೆ. ಮಣ್ಣು, ಪುಡಿಯಾದ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಸೇರಿಸಿ, ಒಂದು ಹಿಡಿ ಟ್ರೈಕೋಡರ್ಮಾ ಬೆರೆಸಿ. ಸಸಿಗಳು ಬುಡ ಕೊಳೆತು ಗುಂಪುಗುಂಪಾಗಿ ಒರಗುವುದನ್ನು ಅದು ತಡೆಯುತ್ತದೆ. ನಾಲ್ಕು ಬೆರಳಿನ ಅಂತರದಲ್ಲಿ ಗೀರು ಎಳೆದು, ಒಂದು ಸೆಂಟಿಮೀಟರ್ ಆಳಕ್ಕೆ ತೆಳುವಾಗಿ ಬೀಜ ಬಿಟ್ಟು, ಜರಡಿ ಹಿಡಿದ ಗೊಬ್ಬರ ಮುಚ್ಚಿ, ಮೇಲೆ ಒಣಹುಲ್ಲು ಹರಡಿ. ಸಣ್ಣ ತೂತುಗಳ ಕ್ಯಾನ್‌ನಿಂದ ನೀರು ಚಿಮುಕಿಸಿ.

ಏಳೆಂಟು ದಿನಕ್ಕೆ ಹುಲ್ಲೆತ್ತಿ ನೋಡಿ. ಮೊಳಕೆ ನೆಟ್ಟಗೆ ಬಂದಿರುವುದಿಲ್ಲ. ಎಳೆ ನಡುವೆ ಮಡಿಸಿಕೊಂಡು, ಕೊಂಡಿಯ ಹಾಗೆ ಬಾಗಿ ಮಣ್ಣು ಸೀಳಿರುತ್ತದೆ. ಒಂದು ಕಾಲು ನೆಲದಲ್ಲಿ, ಇನ್ನೊಂದರ ತುದಿ ಇನ್ನೂ ಕಪ್ಪು ಬೀಜದೊಳಗೆ. ಎರಡು ಮೂರು ದಿನದಲ್ಲಿ ಆ ತುದಿ ಬಿಡಿಸಿಕೊಂಡು, ಬೀಜದ ಸಿಪ್ಪೆಯನ್ನು ಹೊತ್ತೇ ನೆಟ್ಟಗಾಗುತ್ತದೆ. ಆಗ ಕೈಹಾಕಿ ಬಿಡಿಸಲು ಹೋಗಬೇಡಿ, ಎಳೆ ಮುರಿಯುತ್ತದೆ. ಕೊಂಡಿ ಕಂಡ ದಿನವೇ ಹುಲ್ಲು ತೆಗೆಯುವುದನ್ನು ಮಾತ್ರ ಮರೆಯಬೇಡಿ. ತಡವಾದರೆ ಸಸಿ ಬಿಳಿಚಿ ಉದ್ದವಾಗುತ್ತದೆ.

ನಾಟಿ

ನಾಟಿ ಮಡಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ತೆಂಗಿನ ಮರದ ನೆರಳಲ್ಲಿ ಈರುಳ್ಳಿ ಆಗದು. ಹಿಂದೆ ಬೆಳ್ಳುಳ್ಳಿ, ಈರುಳ್ಳಿ ಇದ್ದ ಜಾಗ ಬಿಟ್ಟು, ಹುರುಳಿಕಾಯಿ, ಅಲಸಂದೆ ಬೆಳೆದ ಜಾಗ ಆರಿಸಿ. ಬೇರು ಹೆಚ್ಚು ಆಳಕ್ಕೆ ಇಳಿಯದ ಬೆಳೆ ಇದು. ಆದ್ದರಿಂದ ಮೇಲಿನ ಅರ್ಧ ಅಡಿ ಮಣ್ಣು ಪುಡಿಪುಡಿಯಾಗಿ, ಚೆನ್ನಾಗಿ ಕಳಿತ ಗೊಬ್ಬರದಿಂದ ಕೂಡಿರಬೇಕು. ಹೇಳಿದ ಅಳತೆಯ ಮಡಿಗೆ ಎರಡು ಮಂಕರಿ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ, ಎರಡು ಹಿಡಿ ಜಿಪ್ಸಂ ಹಾಕಿ. ಈರುಳ್ಳಿಯ ಘಾಟು ಬರುವುದೇ ಗಂಧಕದಿಂದ, ಜಿಪ್ಸಂ ಅದನ್ನು ಒದಗಿಸುತ್ತದೆ. ಹಸಿ ಸಗಣಿ ಖಂಡಿತ ಬೇಡ.

ಆರೇಳು ವಾರಕ್ಕೆ ಸಸಿ ಸುಮಾರು ಒಂದು ಗೇಣು ಎತ್ತರ, ಮೂರು ನಾಲ್ಕು ಎಲೆ ಆಗಿರುತ್ತದೆ. ಮಡಿ ನೆನೆಸಿ ಸಸಿ ಕೀಳಿ. ಎಲೆಯ ತುದಿಯಿಂದ ಮೂರನೇ ಒಂದು ಭಾಗ ಕತ್ತರಿಸಿದರೆ ನೆಟ್ಟ ಮೇಲೆ ಬಾಡುವುದು ಕಡಿಮೆ. ಸಾಲಿನಿಂದ ಸಾಲಿಗೆ 15, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್. ಸಂಜೆ ನೆಡಿ. ಬೇರು ಮತ್ತು ಬಿಳಿ ಬುಡ ಮಾತ್ರ ಮಣ್ಣೊಳಗಿರಲಿ. ಆಳಕ್ಕೆ ನೆಟ್ಟರೆ ಗಡ್ಡೆ ಉದ್ದುದ್ದವಾಗಿ ಕತ್ತು ದಪ್ಪವಾಗುತ್ತದೆ. ತಾರಸಿಯವರಿಗೆ ಎಂಟು ಇಂಚು ಆಳದ ಗ್ರೋಬ್ಯಾಗ್ ಸಾಕು. ಒಂದಡಿ ಚೌಕದ್ದರಲ್ಲಿ ಒಂಬತ್ತು ಸಸಿ ಕೂರುತ್ತವೆ.

ಬೀಜ, ಸಸಿ ಯಾವ ತಾಪತ್ರಯವೂ ಬೇಡ ಎನ್ನುವವರು ಸಾಂಬಾರ್ ಈರುಳ್ಳಿ ಹಾಕಿ. ಚಾಮರಾಜನಗರ, ಗುಂಡ್ಲುಪೇಟೆ ಕಡೆ ಮಾಡುವಂತೆ ಗಟ್ಟಿಯಾದ ಗಡ್ಡೆಯನ್ನೇ ಊರಿದರೆ, ಒಂದರ ಸುತ್ತ ನಾಲ್ಕೈದು ಮರಿಗಡ್ಡೆ ಗೊಂಚಲಾಗಿ ಬರುತ್ತವೆ.

ಮೊದಲ ಎರಡು ತಿಂಗಳು

ಕಳೆಯ ಮುಂದೆ ಈರುಳ್ಳಿಯಷ್ಟು ನಿಸ್ಸಹಾಯಕ ಬೆಳೆ ಇನ್ನೊಂದಿಲ್ಲ. ಕೊಳವೆಯಂಥ ಎಲೆ ಮೇಲಕ್ಕೆ ನಿಲ್ಲುತ್ತದೆಯೇ ಹೊರತು ನೆಲಕ್ಕೆ ನೆರಳು ಕೊಡುವುದಿಲ್ಲ, ಹಾಗಾಗಿ ಕಳೆ ನಿರಾತಂಕವಾಗಿ ಏಳುತ್ತದೆ. ಹದಿನೈದು ದಿನಕ್ಕೊಮ್ಮೆ ಕೈಯಲ್ಲೇ ಕೀಳಿ. ಬೇರು ಮೇಲೆಯೇ ಇರುವುದರಿಂದ ಆಳವಾಗಿ ಕೆದಕಬಾರದು. ಒಣ ಎಲೆಯ ತೆಳು ಹೊದಿಕೆ ಹಾಸಿದರೆ ಕಳೆಯೂ ಕಡಿಮೆ, ತೇವವೂ ಉಳಿಯುತ್ತದೆ.

ನೀರು ಸ್ವಲ್ಪಸ್ವಲ್ಪವೇ, ಆದರೆ ತಪ್ಪದೆ ಕೊಡಿ. ನಾಲ್ಕು ದಿನ ಒಣಗಿಸಿ ಐದನೆಯ ದಿನ ಕೆರೆ ಮಾಡಿದರೆ ಗಡ್ಡೆ ಜೋಡಿಯಾಗಿ ಒಡೆಯುತ್ತದೆ. ನಾಟಿಯಾದ ಮೂರನೆಯ ಮತ್ತು ಆರನೆಯ ವಾರ ಎರೆಗೊಬ್ಬರವನ್ನೋ ಜೀವಾಮೃತವನ್ನೋ ಕೊಡಿ. ಎರಡು ತಿಂಗಳು ತುಂಬಿದ ಮೇಲೆ ಗೊಬ್ಬರ ಪೂರ್ತಿ ನಿಲ್ಲಿಸಿ. ಸಾರಜನಕ ತಡವಾಗಿ ಸಿಕ್ಕರೆ ಗಿಡ ಎಲೆ ಬಿಡುತ್ತಲೇ ಹೋಗುತ್ತದೆ, ಕತ್ತು ದಪ್ಪವಾಗುತ್ತದೆ, ಅಂಥ ಗಡ್ಡೆ ಬೇಗ ಕೊಳೆಯುತ್ತದೆ.

ಎಲೆಯ ಮೇಲೆ ಬೆಳ್ಳಿಗೆರೆಗಳು ಕಂಡರೆ ಥ್ರಿಪ್ಸ್ ನುಸಿ ಬಂದಿದೆ ಎಂದರ್ಥ. ಎಲೆಗಳು ಕೂಡುವ ಸಂದಿಯನ್ನು ಬಿಡಿಸಿ ನೋಡಿ, ಹಳದಿ ಬಣ್ಣದ ಕಣ್ಣಿಗೆ ಕಂಡೂ ಕಾಣದ ಹುಳುಗಳು ಓಡಾಡುತ್ತಿರುತ್ತವೆ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಕಲಸಿ ಸಂಜೆ ಹೊತ್ತು ಸಂದಿಗೇ ಬೀಳುವಂತೆ ಸಿಂಪಡಿಸಿ, ವಾರ ಬಿಟ್ಟು ಮತ್ತೆ. ನೇರಳೆ ಮಚ್ಚೆ ರೋಗ ತಗುಲಿದ ಎಲೆಗಳನ್ನು ಕಿತ್ತು ತೋಟದಿಂದ ಆಚೆ ಹಾಕಿ.

ನಡುವೆ ಕೆಲವು ಗಿಡ ಹೂವಿನ ದಂಟು ಎತ್ತಬಹುದು. ತೀರಾ ಬಲಿತ ಸಸಿ ನೆಟ್ಟು ಚಳಿ ಹಿಡಿದರೆ ಹೀಗಾಗುತ್ತದೆ. ಅಂಥದ್ದನ್ನು ಕಿತ್ತು ಅಡುಗೆಗೆ ಬಳಸಿ, ಕೂಡಿಡಲು ಬರುವುದಿಲ್ಲ.

ಕೊಯ್ಲು

ಗಡ್ಡೆ ದಪ್ಪವಾಗುತ್ತ ತಾನೇ ಮಣ್ಣಿನಿಂದ ಮೇಲೇಳುತ್ತದೆ. ಹೆದರಿ ಮಣ್ಣು ಏರಿಸಬೇಡಿ. ಬಲಿತಿದ್ದು ತಿಳಿಯಲು ಕತ್ತನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಬೆಳೆಯುವ ಗಿಡದ ಕತ್ತು ಗಟ್ಟಿ, ಒಳಗೆ ಹೊಸ ಎಲೆ ಏಳುತ್ತಿರುತ್ತದೆ. ಎಲೆ ಏಳುವುದು ನಿಂತಾಗ ಒಳಗು ಟೊಳ್ಳಾಗಿ ಮೆತ್ತಗಾಗುತ್ತದೆ. ಮತ್ತೆ ಕೆಲವೇ ದಿನದಲ್ಲಿ ಹಸಿರು ಎಲೆಗಳ ಭಾರಕ್ಕೆ ಅಲ್ಲೇ ಮುರಿದು ಮಲಗುತ್ತದೆ. ಮೊದಲ ಕೆಲವು ಗಿಡ ಒರಗಿದ ಕೂಡಲೇ ನೀರು ನಿಲ್ಲಿಸಿ. ಅರ್ಧಕ್ಕಿಂತ ಹೆಚ್ಚು ಒರಗಿದ ಮೇಲೆ ಕೀಳಿ. ಬೇಗ ಬಲಿಯಲೆಂದು ಕಾಲಿನಿಂದ ತುಳಿದು ಬೀಳಿಸುವುದು ಸರಿಯಲ್ಲ. ಮುಂಗಾರಿನ ಬೆಳೆಯಲ್ಲಿ ಎಲೆ ಹೀಗೆ ಸರಿಯಾಗಿ ಒರಗದೆ ಇರಬಹುದು, ಅಲ್ಲಿ ಎಲೆಯ ಹಳದಿ, ಗಡ್ಡೆಯ ಬಣ್ಣ ನೋಡಿಯೇ ಕೀಳಬೇಕು.

ಕಿತ್ತದ್ದನ್ನು ಎಲೆ ಸಮೇತ ಮಡಿಯ ಮೇಲೇ ಸಾಲಾಗಿ ಮಲಗಿಸಿ, ಒಂದು ಸಾಲಿನ ಎಲೆ ಹಿಂದಿನ ಸಾಲಿನ ಗಡ್ಡೆಗಳನ್ನು ಮುಚ್ಚುವಂತೆ. ಬೇಸಿಗೆಯ ಬಿಸಿಲು ನೇರ ಬಿದ್ದರೆ ಗಡ್ಡೆ ಬೆಂದು ಮೆತ್ತಗಾಗುತ್ತದೆ. ಮೂರು ನಾಲ್ಕು ದಿನದ ಬಳಿಕ ನೆರಳಿಗೆ, ಗಾಳಿಯಾಡುವ ಕಡೆಗೆ ಸಾಗಿಸಿ ಹತ್ತು ಹದಿನೈದು ದಿನ ಒಣಗಿಸಿ. ಕತ್ತು ಪೂರ್ತಿ ಮುಚ್ಚಿಕೊಂಡು, ಮೇಲಿನ ಸಿಪ್ಪೆ ಗರಗರ ಎನ್ನಬೇಕು. ಈ ಹಂತದಲ್ಲಿ ಅವಸರ ಮಾಡಿದರೆ ನಾಲ್ಕು ತಿಂಗಳ ದುಡಿಮೆ ನಾಲ್ಕು ವಾರದಲ್ಲಿ ಕೊಳೆಯುತ್ತದೆ.

ಆಮೇಲೆ ಒಂದು ಇಂಚು ಕತ್ತು ಬಿಟ್ಟು ಎಲೆ ಕತ್ತರಿಸಿ, ಬಿದಿರಿನ ಬುಟ್ಟಿಯಲ್ಲೋ ಜಾಲರಿ ಚೀಲದಲ್ಲೋ ಇಡಿ. ಎಲೆ ಬಿಟ್ಟು ಜಡೆ ಹೆಣೆದು ತೂಗುಹಾಕುವುದು ಇನ್ನೂ ಉತ್ತಮ. ಕುಮಟಾ ಬಳಿಯ ಹೆದ್ದಾರಿಯಲ್ಲಿ ಗೊಂಚಲು ಗೊಂಚಲಾಗಿ ಮಾರುವುದನ್ನು ನೋಡಿದವರಿಗೆ ಅದು ಗೊತ್ತು. ಪ್ಲಾಸ್ಟಿಕ್ ಚೀಲ, ಆಲೂಗೆಡ್ಡೆಯ ನೆರೆ, ಫ್ರಿಜ್ ಮೂರೂ ಬೇಡ. ಫ್ರಿಜ್ಜಿನ ತಂಪು ತೇವ ಸೇರಿ ಗಡ್ಡೆಯನ್ನು ಮೊಳಕೆಗೆ ಎಬ್ಬಿಸುತ್ತವೆ. ನಮ್ಮ ಬೇಸಿಗೆಯ ಒಣ ಸೆಕೆಯಲ್ಲೇ ಅದು ನೆಮ್ಮದಿಯಾಗಿ ನಿದ್ರಿಸುತ್ತದೆ. ಹಿಂಗಾರಿನ ಗಡ್ಡೆ ಹೀಗೆ ನಾಲ್ಕೈದು ತಿಂಗಳು ಬಾಳುತ್ತದೆ. ವಾರಕ್ಕೊಮ್ಮೆ ಕೈಯಾಡಿಸಿ, ಕತ್ತು ಮೆತ್ತಗಾದದ್ದನ್ನು ಆರಿಸಿ ತೆಗೆಯಿರಿ.

ಮಳೆಗಾಲದಲ್ಲಿ ಮೊಳೆತದ್ದನ್ನು ಎಸೆಯಬೇಡಿ, ಕುಂಡದಲ್ಲಿ ಊರಿ. ಅದರಿಂದ ಮತ್ತೊಂದು ದೊಡ್ಡ ಗಡ್ಡೆ ಬರುವುದಿಲ್ಲ, ಬುಡ ಒಡೆದು ಹಲವು ಚಿಗುರಾಗುತ್ತದೆ. ಮೂರು ವಾರಕ್ಕೆ ಎಲೆ ಕೊಯ್ಯಬಹುದು. ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಪಕ್ಕದಲ್ಲಿ ಹಸಿಯಾಗಿ ಕಚ್ಚಿ ತಿನ್ನಲು ಉಳ್ಳಾಗಡ್ಡಿ ತಪ್ಪಲು ಮನೆಯಲ್ಲೇ ಸಿಕ್ಕಂತಾಯಿತು.