ಯಾವ ಬ್ರೋಕರ್ ಎಂದು ಕೇಳುವ ಮೊದಲು

ಗಂಗಾವತಿ, ಕುಷ್ಟಗಿ ಕಡೆಯ ಹುಡುಗರು ಈಚೆಗೆ ನನ್ನನ್ನು ಪದೇ ಪದೇ ಕೇಳುವುದು ಇದನ್ನೇ: 'ಕಾಕಾ, ಫಾರೆಕ್ಸ್ ಮಾಡಾಕ ಯಾವ ಆ್ಯಪ್ ಚಲೋ?' ಒಂದರಲ್ಲಿ ಸ್ಪ್ರೆಡ್ ಕಡಿಮೆ, ಇನ್ನೊಂದರಲ್ಲಿ ಲೆವರೇಜ್ ಜಾಸ್ತಿ ಎಂದು ಹೋಲಿಸಿಕೊಂಡೇ ಬಂದಿರುತ್ತಾರೆ. ಅದಕ್ಕೂ ಮೊದಲು ನೋಡಬೇಕಾದ್ದು, ಆ ಆ್ಯಪ್‌ಗೆ ನಮ್ಮ ದೇಶದಲ್ಲಿ ಅನುಮತಿ ಇದೆಯೇ ಎಂಬುದು.

ಆನ್‌ಲೈನ್ ಫಾರೆಕ್ಸ್ ವಹಿವಾಟಿಗೆ ರಿಸರ್ವ್ ಬ್ಯಾಂಕ್ ಒಪ್ಪಿದ ವೇದಿಕೆಗಳು, ಇಲ್ಲವೇ ಎನ್‌ಎಸ್‌ಇ, ಬಿಎಸ್‌ಇಯಂಥ ವಿನಿಮಯ ಕೇಂದ್ರಗಳಷ್ಟೇ ದಾರಿ. ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದಲ್ಲ ಎಂದು ವಾದಿಸುವವರಿದ್ದಾರೆ. ಹಾಗೆ ಹಣ ಕಳಿಸಲು ಬಿಡುವ ಯೋಜನೆಯಲ್ಲೂ ವಿದೇಶಿ ಬ್ರೋಕರ್‌ಗೆ ಮಾರ್ಜಿನ್ ಹಣ ಕಟ್ಟುವಂತಿಲ್ಲ. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ (ಫೆಮಾ) ಮೀರಿದರೆ, ಹಾಗೆ ತೊಡಗಿಸಿದ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅನುಮತಿಯಿಲ್ಲದ 34 ಹೆಸರುಗಳ ಎಚ್ಚರಿಕೆ ಪಟ್ಟಿ ಹೊರಡಿಸಿತು. ಆಮೇಲೆ ಅದು ಬೆಳೆಯುತ್ತಲೇ ಇದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅನುಮತಿ ಇದ್ದಂತಲ್ಲ.

ಇಂಥ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಸಿಎಫ್‌ಡಿ, ಅಂದರೆ ವ್ಯತ್ಯಾಸದ ಒಪ್ಪಂದದಲ್ಲಿ, ನಾವು ಡಾಲರನ್ನಾಗಲಿ ಚಿನ್ನವನ್ನಾಗಲಿ ಕೊಳ್ಳುವುದಿಲ್ಲ. ಬೆಲೆಯ ವ್ಯತ್ಯಾಸದ ಮೇಲಷ್ಟೇ ಒಪ್ಪಂದ. ಎಷ್ಟೋ ಸಲ ಎದುರು ಪಾರ್ಟಿ ಆ ಕಂಪನಿಯೇ ಆಗಿರುತ್ತದೆ. 500 ಪಟ್ಟು ಲೆವರೇಜ್ ಎಂದರೆ 10,000 ರೂಪಾಯಿಗೆ 50 ಲಕ್ಷದ ವ್ಯವಹಾರ. ನೂರು ರೂಪಾಯಿಗೆ ಇಪ್ಪತ್ತು ಪೈಸೆ ಉಲ್ಟಾ ಹೊಡೆದರೂ ಹತ್ತು ಸಾವಿರ ಪೂರ್ತಿ ಹೋಯಿತು. ಕಾನೂನು ಒಪ್ಪಿರುವ ಯುರೋಪಿನಲ್ಲೇ ನೂರಕ್ಕೆ 74ರಿಂದ 89 ಖಾತೆಗಳು ನಷ್ಟದಲ್ಲಿವೆ ಎಂದು ಅಲ್ಲಿನ ನಿಯಂತ್ರಕರು 2018ರಲ್ಲಿ ಹೇಳಿ, ಲೆವರೇಜನ್ನು ಹೆಚ್ಚೆಂದರೆ 30 ಪಟ್ಟಿಗೆ ಇಳಿಸಿದರು.

ಯಲಬುರ್ಗಾದ ಪರಿಚಿತರ ಮಗನೊಬ್ಬ ಹಣ ಹಾಕುವ ಪುಟವನ್ನು ನನ್ನೆದುರೇ ತೆರೆದ. ಆ್ಯಪ್‌ನದು ಒಂದು ಹೆಸರು, ಯುಪಿಐ ತೋರಿಸಿದ್ದು ಯಾವುದೋ ಟ್ರೇಡರ್ಸ್ ಹೆಸರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆರೆದರೆ ಬೇರೊಬ್ಬರ ಖಾತೆ. ಇಂಥ ಬಾಡಿಗೆ ಖಾತೆಗಳಲ್ಲಿ ವಂಚನೆಯ ದುಡ್ಡೂ ಓಡಾಡುತ್ತದೆ. ಅಲ್ಲಿಂದ ಲಾಭವೆಂದು ನಾಲ್ಕು ಕಾಸು ಬಂದರೂ, ಪೊಲೀಸ್ ತನಿಖೆ ಶುರುವಾದಾಗ ನಮ್ಮ ಬ್ಯಾಂಕ್ ಖಾತೆಯೇ ಫ್ರೀಜ್ ಆಗಬಹುದು. ಹಣ ಹಾಕಬೇಡ ಎಂದೆ, ಅವನೂ ಕೇಳಿದ.

ಕರೆನ್ಸಿ ಮಾರುಕಟ್ಟೆ ನಮ್ಮವರಿಗೆ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅಕ್ಕಿಯನ್ನೋ ದಾಳಿಂಬೆಯನ್ನೋ ರಫ್ತು ಮಾಡಿ, ಮೂರು ತಿಂಗಳ ನಂತರ ಡಾಲರ್ ಬರಬೇಕಾದವರಿಗೆ ದರ ಬಿದ್ದರೆ ಪೆಟ್ಟು ಬೀಳುತ್ತದೆ. ಅಂಥವರು ಎನ್‌ಎಸ್‌ಇಯಲ್ಲಿ ಡಾಲರ್ ಫ್ಯೂಚರ್ಸ್ ಮಾರಿ ದರವನ್ನು ಭದ್ರ ಮಾಡಿಕೊಳ್ಳಬಹುದು. ಒಂದು ಲಾಟ್ 1,000 ಡಾಲರ್. 2024ರ ಮೇ 3ರಿಂದ ಜಾರಿಯಾದ ನಿಯಮದಂತೆ, ರೂಪಾಯಿ ಸೇರಿದ ಇಂಥ ಒಪ್ಪಂದದ ಹಿಂದೆ ನಿಜವಾದ ವ್ಯವಹಾರ ಇರಲೇಬೇಕು. ಬರೀ ಊಹೆಯ ಆಟಕ್ಕೆ ಅಲ್ಲಿ ಜಾಗವಿಲ್ಲ.

ಬ್ರೋಕರ್ ಆರಿಸುವಾಗ ಸೆಬಿ ತಾಣದಲ್ಲಿ ನೋಂದಣಿ ಸಂಖ್ಯೆ ಹುಡುಕಿ ನೋಡಿ. ಅನುಮತಿಯಿಲ್ಲದ ಆ್ಯಪ್‌ನಲ್ಲಿ ಹಣ ಈಗಾಗಲೇ ಸಿಕ್ಕಿಬಿದ್ದಿದ್ದರೆ, 'ತೆರಿಗೆ ಕಟ್ಟಿದರೆ ಬಿಡುತ್ತೇವೆ' ಎನ್ನುವವರ ಮಾತು ನಂಬಿ ಇನ್ನಷ್ಟು ಹಾಕಬೇಡಿ. ಮನೆಯಲ್ಲಿ ಬೈತಾರೆಂದು ಮುಚ್ಚಿಡದೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟಿ ಕೈತಪ್ಪುತ್ತದೆ.