ಸಣ್ಣ ಭಾಷೆಗೆ ಹೊಸ ಕಂಪೈಲರ್ ಬೇಕೇ?

ಪ್ರಶ್ನೆ: ಹ್ಯಾಸ್ಕೆಲ್‌ನಂಥ ಫಂಕ್ಷನಲ್ ಭಾಷೆಯ ಒಳಗೇ ಇನ್ನೊಂದು ಸಣ್ಣ ಭಾಷೆ ಕಟ್ಟಬಹುದಂತೆ. ಅದಕ್ಕೆ ಬೇರೆ ಕಂಪೈಲರ್ ಬೇಡವೇ?
– ಓದುಗರು, ಹೇಮಗುಡ್ಡ, ಕೊಪ್ಪಳ ಜಿಲ್ಲೆ

ಉತ್ತರ: ಬೇಡ. ಸಣ್ಣ ಭಾಷೆ ಎಂದರೆ ಒಂದೇ ಬಗೆಯ ಕೆಲಸಕ್ಕೆ ಮೀಸಲಾದದ್ದು. ದತ್ತಾಂಶಕೋಶದಿಂದ ಮಾಹಿತಿ ಕೇಳಲು ಬಳಸುವ ಎಸ್‌ಕ್ಯೂಎಲ್ ಕೂಡ ಹಾಗೆ ಹುಟ್ಟಿದ ಭಾಷೆ. ಆದರೆ ಅದಕ್ಕೆ ಸ್ವಂತ ವ್ಯಾಕರಣವಿದೆ, ಅದನ್ನು ಓದಿ ಅರ್ಥಮಾಡಿಕೊಳ್ಳುವ ತಂತ್ರಾಂಶವೂ ಬೇಕು. ನೀವು ಕೇಳಿದ ಬಗೆಯ ಭಾಷೆಗೆ ವ್ಯಾಕರಣ, ಟೈಪ್ ತಪಾಸಣೆ, ಕಂಪೈಲರ್ ಎಲ್ಲವೂ ಹ್ಯಾಸ್ಕೆಲ್‌ನವೇ. ನಾವು ಕೊಡುವುದು ಪದಗಳನ್ನಷ್ಟೇ. ಹ್ಯಾಸ್ಕೆಲ್ ರೂಪಿಸಿದವರಲ್ಲೊಬ್ಬರಾದ ಪಾಲ್ ಹುಡಾಕ್ 1996ರ ಲೇಖನವೊಂದರಲ್ಲಿ ಈ ಮಾರ್ಗವನ್ನು ವಿವರಿಸಿದ್ದಾರೆ.

ನಿಮ್ಮ ಸೀಮೆಯದೇ ಉದಾಹರಣೆ ನೋಡೋಣ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಉಪಕಾಲುವೆಗಳಿಗೆ ಸರದಿಯಂತೆ ನೀರು ಬಿಡುವ ಪಟ್ಟಿ ಬರೆಯಬೇಕು ಎಂದುಕೊಳ್ಳಿ. ‘ತೆರೆ’ ಎಂಬ ಫಂಕ್ಷನ್‌ಗೆ ಗೇಟಿನ ಹೆಸರು, ದಿನಗಳ ಸಂಖ್ಯೆ ಕೊಟ್ಟರೆ ಒಂದು ಸರದಿ ಸಿಗುತ್ತದೆ. ‘ಆಮೇಲೆ’ ಎಂಬುದು ಎರಡು ಸರದಿಗಳನ್ನು ಒಂದರ ಹಿಂದೊಂದು ಇಡುತ್ತದೆ. ‘ಜೊತೆಗೆ’ ಎಂಬುದು ಎರಡನ್ನೂ ಏಕಕಾಲಕ್ಕೆ ನಡೆಸುತ್ತದೆ. ಜೋಡಿಸಿ ಬಂದದ್ದೂ ಸರದಿಯೇ ಆದ್ದರಿಂದ ಅದನ್ನು ಮತ್ತೊಂದಕ್ಕೆ ಜೋಡಿಸಬಹುದು. ಹೀಗೆ ಇಡೀ ಹಂಗಾಮಿನ ಪಟ್ಟಿಯನ್ನು ಈ ಮೂರೇ ಪದಗಳಲ್ಲಿ ಬರೆಯಬಹುದು.

‘ಇದು ಬರೀ ಲೈಬ್ರರಿಯಲ್ಲವೇ?’ ಎಂದು ನಿಮಗೆ ಅನಿಸಬಹುದು. ಲೈಬ್ರರಿಯೇ ಹೌದು, ಆದರೆ ಮುಖ್ಯವಾದ ವ್ಯತ್ಯಾಸವೊಂದಿದೆ. ಇಲ್ಲಿ ‘ತೆರೆ’ ಎಂದ ಕೂಡಲೇ ಗೇಟು ತೆರೆಯುವುದಿಲ್ಲ. ಇಂಥ ಗೇಟು ಇಷ್ಟು ದಿನ ತೆರೆಯಬೇಕು ಎಂಬ ವಿವರಣೆ ಮಾತ್ರ ಸಿದ್ಧವಾಗುತ್ತದೆ. ಆ ವಿವರಣೆಯನ್ನು ಒಂದು ಫಂಕ್ಷನ್ ರೈತರಿಗೆ ಪಟ್ಟಿಯಾಗಿ ಮುದ್ರಿಸಬಹುದು, ಇನ್ನೊಂದು ಎಷ್ಟು ನೀರು ಬೇಕೆಂದು ಲೆಕ್ಕ ಹಾಕಬಹುದು, ಮತ್ತೊಂದು ನಿಜವಾಗಿ ಗೇಟು ನಡೆಸಬಹುದು. ನೀರು ಬಿಡುವ ಮುನ್ನವೇ ತಪ್ಪು ಹುಡುಕಲು ಸಾಧ್ಯವಾಗುವುದು ಇದರಿಂದ. ನನಗೆ ಈ ಮಾರ್ಗದಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ.

ಇದು ಪುಸ್ತಕದಲ್ಲಷ್ಟೇ ಉಳಿದ ವಿಚಾರವಲ್ಲ. ಬೆಂಗಳೂರಿನ ಜಸ್‌ಪೇ ಕಂಪನಿಯ ‘ಆಯ್ಲರ್’ ಎಂಬ ಹ್ಯಾಸ್ಕೆಲ್ ಚೌಕಟ್ಟು ಇದೇ ತತ್ತ್ವದ್ದು. ದತ್ತಾಂಶಕೋಶ ಓದುವುದು, ಬೇರೆ ಸರ್ವರ್‌ಗೆ ಕರೆ ಕಳಿಸುವುದು ಎಲ್ಲವೂ ಅದರಲ್ಲಿ ಮೊದಲು ವಿವರಣೆ, ಆಮೇಲೆ ಕ್ರಿಯೆ. ಆ ಕಂಪನಿಯಲ್ಲೇ ರೂಪುಗೊಂಡ ‘ನಮ್ಮ ಯಾತ್ರಿ’ ಆಟೊ ಆ್ಯಪ್‌ನ ಸರ್ವರ್ ಭಾಗವೂ ಹ್ಯಾಸ್ಕೆಲ್‌ನದು. ಅದರ ಕೋಡ್ ಮುಕ್ತವಾಗಿದೆ, ನೀವು ತೆರೆದು ಓದಬಹುದು.

ಒಂದು ತೊಡಕು ಮಾತ್ರ ಉಂಟು. ಪಟ್ಟಿ ತಪ್ಪಾಗಿ ಬರೆದರೆ ಬರುವ ದೋಷಸೂಚನೆ ಕಾಲುವೆಯ ಮಾತಿನಲ್ಲಿರುವುದಿಲ್ಲ, ಹ್ಯಾಸ್ಕೆಲ್ ಟೈಪ್‌ಗಳ ಮಾತಿನಲ್ಲಿರುತ್ತದೆ. ಬರೆಯುವವರು ಪ್ರೋಗ್ರಾಮರ್‌ಗಳಲ್ಲದಿದ್ದರೆ, ಶ್ರಮ ಹೆಚ್ಚಾದರೂ ಪ್ರತ್ಯೇಕ ಭಾಷೆಯನ್ನೇ ಕಟ್ಟುವುದು ಲೇಸು.